ಹಾಕಿಯ ಹೆಸರು ಹೇಳದವರು

ನಮ್ಮ ಮನೆಯವರನ್ನು ಮಣ್ಣು ಮಾಡಿ ಬಂದು ತಿಂಗಳಾಗುತ್ತ ಬಂತು. ಮಾತಾಡಿಸಲು ಬರುವವರು ಇನ್ನೂ ನಿಂತಿಲ್ಲ. ಬಂದವರು ಕುಳಿತುಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ, ಅವರ ಬಗ್ಗೆ ಏನಾದರೊಂದು ಸಂಗತಿ ಹೇಳಿ ಎದ್ದು ಹೋಗುತ್ತಾರೆ. ಮೊನ್ನೆ ವಾಡಿಯಿಂದ ಬಂದವರೊಬ್ಬರು, ಒಮ್ಮೆ ಗಾಡಿ ತಪ್ಪಿ ತಾವಿಬ್ಬರೂ ಸ್ಟೇಷನ್ನಿನ ಬಾಕಿನ ಮೇಲೆ ಶೇಂಗಾ ತಿನ್ನುತ್ತ ಕುಳಿತದ್ದನ್ನು ಹೇಳಿದರು. "ಎಷ್ಟ್ ಛಂದ ಹಾಡಿದ್ರು ಅವತ್ತ ಅವ್ರು!" ಎಂದರು. ನಾನು ಹೂಂ ಅಂದೆ. ನಮ್ಮ ಮನೆಯಲ್ಲಿ ಅವರು ಹಾಡಿದ್ದನ್ನು ನಾನು ಒಂದು ದಿನವೂ ಕೇಳಿದವಳಲ್ಲ. ಆ ಮನುಷ್ಯ ಹೋದ ಮೇಲೆ ಬಾಗಿಲಲ್ಲೇ ನಿಂತುಕೊಂಡೆ. ಅಳು ಬರಲಿಲ್ಲ. ಹೊಟ್ಟೆಕಿಚ್ಚು ಬಂತು. ಇವರೆಲ್ಲ ಅವರದೊಂದೊಂದು ತುಂಡು ಇಟ್ಟುಕೊಂಡಿದ್ದಾರೆ, ನನಗೆ ತೋರಿಸಿ ಮತ್ತೆ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದಾರೆ ಎನಿಸಿತು. ನನ್ನ ಹತ್ತಿರ ಇರುವುದನ್ನು ನಾನೂ ಬರೆದಿಡೋಣವೆಂದು ಕುಳಿತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ಒಡಪಿನಲ್ಲಿ ಪಿಸುಗುಟ್ಟಿದ್ದು ಬಿಟ್ಟರೆ ಬಾಯಲ್ಲಿ ಹೇಳದ ಹೆಸರನ್ನು ಈಗ ಬರೆಯಲು ಕೈ ಏಳುವುದಿಲ್ಲ. ಶಹಾಬಾದಿನಲ್ಲಿ ಎಲ್ಲರೂ ಅವರನ್ನು ಕಪ್ತಾನ್ ಎಂದು ಕರೆಯುತ್ತಿದ್ದರು. ಸೈನ್ಯದಲ್ಲಿದ್ದವರೇನಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿಯೊಬ್ಬರ ಗಣಿಯಲ್ಲಿ ಗುಮಾಸ್ತರಾಗಿದ್ದರು. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಕಪ್ತಾನರು, ಗೋಲಿನಲ್ಲಿ ನಿಲ್ಲುವವರು.

ನಾನು ದಂಡೋತಿಯಿಂದ ಮದುವೆಯಾಗಿ ಬಂದಾಗ ಫುಟ್‌ಬಾಲ್ ಎಂದರೆ ಏನೆಂದು ತಿಳಿದಿರಲಿಲ್ಲ. ಮೊದಲನೆಯ ಶುಕ್ರವಾರವೇ ತಿಳಿಯಿತು. ಆಗ ನಿಜಾಮರ ಕಾಲ, ನಮ್ಮ ಸೀಮೆಯಲ್ಲಿ ಶುಕ್ರವಾರ ಸೂಟಿ. ಹೊಸ ಹೆಂಡತಿ ಮನೆಯಲ್ಲಿದ್ದಾಳೆ, ಸೂಟಿಯ ದಿನ, ಇವರು ಮಧ್ಯಾಹ್ನ ಉಂಡ ಕೈ ಒಣಗುವುದರೊಳಗೆ ಬೂಟು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಅತ್ತೆ ನನ್ನ ಮುಖ ನೋಡಿ ನಕ್ಕರು.

"ನಿನಗ ಸವತಿ ಇಲ್ಲ ಅಂತ ನಿಮ್ಮಪ್ಪಗ ಹೇಳೀವಿ ಖರೆ. ಚೆಂಡಿನ ಸುದ್ದಿ ಹೇಳಿದ್ದಿಲ್ಲ ನೋಡವ್ವ" ಎಂದರು.

ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಬಯಲಿಗೆ ಹತ್ತಿಕೊಂಡೇ ಇತ್ತು. ಆ ಬಯಲು ರೈಲ್ವೆಯವರದು, ಅದೇ ಊರಿನ ಮೈದಾನ. ಮಾಳಿಗೆ ಹತ್ತಿದರೆ ಪೂರಾ ಕಾಣುತ್ತಿತ್ತು. ಹೆಂಗಸರು ಮೈದಾನಕ್ಕೆ ಹೋಗುವ ಪದ್ಧತಿ ಇರಲಿಲ್ಲ. ಹಪ್ಪಳ ಒಣಗಿಸುವ ನೆಪದಲ್ಲಿ ನಾನೂ ಪಕ್ಕದ ಮನೆಯ ಶಾಂತವ್ವನೂ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದೆವು. ಏನು ಮಂದಿ ಆಗ! ಜುಮ್ಮಾ ನಮಾಜು ಮುಗಿಸಿ ಬಂದವರು, ಕಚೇರಿಯವರು, ಗಣಿಯವರು, ವಾಡಿಯಿಂದ ಸಾಮಾನಿನ ಗಾಡಿ ಹತ್ತಿ ಬಂದವರು. ಟೊಪ್ಪಿಗೆ, ರುಮಾಲು, ಬೋಳುತಲೆ ಎಲ್ಲ ಸೇರಿ ಮೈದಾನದ ಸುತ್ತ ಗೋಡೆ ಕಟ್ಟಿದಂತೆ ಕಾಣುತ್ತಿತ್ತು. ಆ ಗೋಡೆಯೊಳಗೆ ಇವರು. ಚೆಂಡು ಹಿಡಿದಾಗ ಅದನ್ನು ಎದೆಗೆ ಒತ್ತಿ, ಎರಡು ಮೊಣಕೈ ಒಳಗೆ ಎಳೆದುಕೊಂಡು, ತಲೆ ಬಗ್ಗಿಸುತ್ತಿದ್ದರು. ನಮ್ಮ ಮಗಳು ಹುಟ್ಟಿದಾಗ ಅವಳನ್ನೂ ಹಾಗೆಯೇ ಎತ್ತಿಕೊಂಡರು. ಆಗ ನನಗೆ, ಇದನ್ನು ಮೊದಲು ಚೆಂಡಿನ ಹತ್ತಿರ ನೋಡಿದ್ದೇನೆ ಎಂದು ಒಳಗೊಳಗೆ ಕೋಪ ಬಂದಿತ್ತು.

ಒಮ್ಮೆ ಬಸುರಿ ನಾದಿನಿಯ ಕುಬಸದಲ್ಲಿ ಹೆಂಗಸರು ಹಠ ಹಿಡಿದು ನನ್ನಿಂದ ಗಂಡನ ಹೆಸರಿನ ಒಡಪು ಹೇಳಿಸಿದರು. "ಊರ ಮುಂದ ಬಯಲು, ಬಯಲಾಗ ಚೆಂಡು, ಚೆಂಡಿನ ಹಿಂದ ಓಡ್ಯಾರ ನನ್ನ ಗಂಡ" ಎಂದು ಹೇಳಿ ಕೊನೆಗೆ ಅವರ ಹೆಸರನ್ನು ಪಿಸುಗುಟ್ಟಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುದ್ದಿ ಹೇಗೋ ಮೈದಾನ ಮುಟ್ಟಿತು. ಸಂಜೆ ಬಂದವರು ಗಂಭೀರವಾಗಿ ನಿಂತು ಕೇಳಿದರು:

"ನಾ ಎಲ್ಲಿ ಓಡ್ತೀನಿ? ಓಡೋರು ಬ್ಯಾರೆ ಅದಾರ. ನಾ ಗೋಲಿನಾಗ ನಿಂದ್ರಾವ. ಇಷ್ಟ್ ವರ್ಷ ಮಾಳಿಗಿ ಮ್ಯಾಲಿಂದ ಏನ್ ನೋಡೀದಿ?"

ಬೇಸರವಾದದ್ದು ಒಡಪು ಹೇಳಿದ್ದಕ್ಕಲ್ಲ, ತಪ್ಪು ಹೇಳಿದ್ದಕ್ಕೆ.

ಅವರ ಆಟದಲ್ಲಿ ನನ್ನ ಕೈಯೂ ಸ್ವಲ್ಪ ಇತ್ತು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ ಗೋಲಿನಲ್ಲಿ ಬೀಳುವುದು ಏಳುವುದು ಮಾಡಿದರೆ ಹೇಗೆ? ಕಟ್ಟಿದ್ದನ್ನು ಬಿಚ್ಚಿಡುವಂತಿಲ್ಲ. ಅದಕ್ಕೆ ನಾನು ಹಳೆಯ ಸೀರೆಯ ಬಟ್ಟೆಯನ್ನು ಎರಡು ಪದರ ಮಾಡಿ, ನಡುವೆ ಅರಳೆ ತುಂಬಿ, ಎದೆಗೆ ಬಿಗಿಯುವ ಪಟ್ಟಿಯೊಂದನ್ನು ಹೊಲಿದುಕೊಟ್ಟಿದ್ದೆ. ಅದರ ಒಳಗೆ ಲಿಂಗವಿಟ್ಟು, ಮೇಲೆ ಅಂಗಿ ತೊಟ್ಟು, ವಿಭೂತಿ ಅಳಿಸದಂತೆ ಬೆವರು ಒರೆಸಿಕೊಳ್ಳುತ್ತ ಆಡುವವರು. ಸೇಡಂ ತಂಡದವರಿಗೆ ಇದು ಗೊತ್ತಿತ್ತು. ಚೆಂಡು ಹೊಡೆಯುವ ಮುಂಚೆ, "ಏ, ಎದೀಗಿ ಹೊಡಿಬ್ಯಾಡ್ರೋ, ದೇವರಿಗಿ ತಾಗಿದ್ರ ನಮ್ಮ ಊರಿಗಿ ಮಳಿ ಆಗಂಗಿಲ್ಲ" ಎಂದು ಒಬ್ಬ ಕೂಗುತ್ತಿದ್ದ. ಇವರು ಗೋಲಿನಿಂದಲೇ, "ಎದೀ ಬಿಟ್ಟು ಎಲ್ಲಿ ಹೊಡೀತೀರಿ ಹೊಡೀರಿ, ಅಲ್ಲೂ ನಾನೇ ಅದೀನಿ" ಎನ್ನುತ್ತಿದ್ದರು.

ಮನೆಯಲ್ಲಿಯೂ ಅವರು ಗೋಲಿನವರೇ. ನಾನು ಉಳ್ಳಾಗಡ್ಡಿ ಎಸೆದರೆ ನೋಡದೆಯೇ ಹಿಡಿಯುತ್ತಿದ್ದರು. ಉಣ್ಣಲು ಕೂಡುವ ಮೊದಲು ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದರು. ಓಣಿಯಲ್ಲಿ ಯಾರಾದರೂ ಜಗಳವಾಡಿ ನ್ಯಾಯ ಕೇಳಲು ಬಂದರೆ, "ಕಾಲು ನೋಡಬ್ಯಾಡ್ರಿ, ಚೆಂಡ್ ನೋಡ್ರಿ" ಎಂದುಬಿಡುತ್ತಿದ್ದರು. ಜಗಳವಾಡುವವರಿಗೆ ಅದು ಅರ್ಥವಾಗುತ್ತಿರಲಿಲ್ಲ, ಆದರೂ ತಣ್ಣಗಾಗುತ್ತಿದ್ದರು.

ಗಲಾಟೆಯ ವರ್ಷ ಆಟ ನಿಂತಿತು. ಮುಂದೆ ನಿಜಾಮರ ರಾಜ್ಯ ಹೋಗಿ, ಊರು ತಣ್ಣಗಾಗಿ, ಮತ್ತೆ ಬೂಟು ಹೊರಗೆ ಬಂದಾಗ ತಂಡದ ಕೆಲವರು ಊರು ಬಿಟ್ಟುಹೋಗಿದ್ದರು. ಉಳಿದವರಲ್ಲಿ ಇವರಿಗೆ ಬಲಗೈಯಂತಿದ್ದವನು ಖಾಜಾ. ಗಣಿಯಲ್ಲಿ ಉಳಿ ಹಿಡಿದು ಕಲ್ಲಿಗೆ ಟಾಕಿ ಹೊಡೆಯುವವನು. ಮೈದಾನದಲ್ಲಿ ಇವರ ಮುಂದೆ ಗೋಡೆಯಂತೆ ನಿಲ್ಲುತ್ತಿದ್ದ. ನನ್ನನ್ನು ಭಾಭೀ ಎನ್ನುತ್ತಿದ್ದ. ಮಂದಿ ಮತ್ತೆ ಬಂದರು. ಎಲ್ಲ ಮೊದಲಿನಂತೆ ಆಯಿತು ಅಂದುಕೊಳ್ಳುವಷ್ಟರಲ್ಲಿ ಸೂಟಿ ಶುಕ್ರವಾರದಿಂದ ಐತವಾರಕ್ಕೆ ಹೋಯಿತು.

ಕೇಳಿದರೆ ಸಣ್ಣ ಮಾತು. ನಮ್ಮ ಮನೆಯಲ್ಲಿ ಅದು ಸಣ್ಣದಾಗಿರಲಿಲ್ಲ. ರೈಲ್ವೆ ಕಾಲೋನಿಯವರು ಮೊದಲಿನಿಂದಲೂ ಐತವಾರ ಸಂಜೆ ಅದೇ ಮೈದಾನದಲ್ಲಿ ಹಾಕಿ ಆಡುತ್ತಿದ್ದರು. ಆಗ ಅದನ್ನು ನೋಡಲು ಅವರ ಮನೆಯವರ ಹೊರತು ಯಾರೂ ಇರುತ್ತಿರಲಿಲ್ಲ. ಈಗ ಊರಿಗೆ ಊರೇ ಐತವಾರ ಖಾಲಿ. ಅದೇ ಹೊತ್ತಿನಲ್ಲಿ ನಮ್ಮ ದೇಶದವರು ಹೊರದೇಶದಲ್ಲಿ ಹಾಕಿ ಗೆದ್ದ ಸುದ್ದಿ ಹೋಟೆಲಿನ ರೇಡಿಯೋದಲ್ಲಿ ಕೇಳಿ ಹುಡುಗರೆಲ್ಲ ಜಾಲಿಯ ಕೊಂಬೆ ಬಗ್ಗಿಸಿಕೊಂಡು ಓಣಿಯಲ್ಲಿ ಆಡತೊಡಗಿದ್ದರು. ಹಾಕಿ ತಂಡಕ್ಕೆ ಮುಂದಾಳು ರೈಲಿನ ಒಬ್ಬ ಗಾರ್ಡ್ ಸಾಹೇಬ, ಕೆಂಪು ಮುಖದ ನಗೆಗಾರ ಮನುಷ್ಯ. ಆತ ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿಸಿದ. ಕಾಲೋನಿಯ ದೊರೆಸಾನಿಯರು ಛತ್ರಿ ಹಿಡಿದು ಕುರ್ಚಿಯ ಮೇಲೆ ಕೂಡುತ್ತಿದ್ದರು. ಮಾಳಿಗೆಯ ಮೇಲಿಂದ ನೋಡುತ್ತ ಶಾಂತವ್ವ, "ನಮ್ಮ ಮನೀ ಮಂದಿ ಆಟ ನೋಡ್ಲಿಕ್ಕ ಹೋಗ್ತಾರೋ, ಕುರ್ಚಿ ನೋಡ್ಲಿಕ್ಕ ಹೋಗ್ತಾರೋ, ಆ ಶಿವನಿಗೇ ಗೊತ್ತ" ಎನ್ನುತ್ತಿದ್ದಳು.

ಇವರು ಹಾಕಿಯ ಹೆಸರು ಹೇಳುವುದನ್ನು ಆಗಲೇ ಬಿಟ್ಟರು. ಕೋಲಾಟ ಎನ್ನುತ್ತಿದ್ದರು. "ಇವತ್ತ ಕೋಲಾಟ ಅದ, ಸ್ಟೇಷನ್ ಕಡಿ ಹೋಗಬ್ಯಾಡ, ಧೂಳ ಭಾಳ." "ಬಗ್ಗಿ ಕಸ ಹೊಡದಂಗ ಆಡ್ತಾರ. ನಿನ್ನ ಕಸಬರಿಗಿ ಕೊಟ್ಟು ಕಳಸು, ಅಂಗಳಾನೂ ಸ್ವಚ್ಛ ಆಗ್ತದ." ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಐತವಾರ ಮೈದಾನ ಸಿಗುವುದಿಲ್ಲವೆಂದು ಆದ ಮೇಲೆ ಕ್ಲಬ್ಬಿನವರು ಕೂಡಿ ಮಾತಾಡಿದರು. ನಮ್ಮ ಕಟ್ಟೆಯ ಮೇಲೆಯೇ ಕುಳಿತಿದ್ದರು. ಖಾಜಾ ಹೇಳಿದ: "ಕಪ್ತಾನ್, ಶುಕ್ರವಾರ ಕಚೇರಿ ಚಾಲೂ, ಗಣಿ ಚಾಲೂ. ಯಾರ್ ಬರ್ತಾರ ನೋಡ್ಲಿಕ್ಕ? ಗಾರ್ಡ್ ಸಾಹೇಬಗ ಕೇಳೂಣು, ಐತವಾರ ಮುಂಜಾನಿ ಕೊಡ್ರಿ ಅಂತ."

"ಕೇಳೋದು? ಅವನ್ಹತ್ರ?" ಎಂದರು ಇವರು. "ಅವನಕಿಂತ ಮೊದಲು ಈ ಮೈದಾನದಾಗ ಸುಣ್ಣದ ಗೆರಿ ಹಾಕಿದಾವ ನಾ. ಶುಕ್ರವಾರ ನಮ್ಮ ದಿನ. ಮಂದಿ ಬರ್ತಾರ."

ಮಂದಿ ಬರಲಿಲ್ಲ. ಶುಕ್ರವಾರ ಸಂಜೆ ಕಚೇರಿ ಬಿಟ್ಟು ಬರುವವರು ಮೈದಾನದ ಅಂಚಿನಲ್ಲಿ ಒಂದು ಗಳಿಗೆ ನಿಂತು, ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಮನೆಗೆ ಹೋಗಿಬಿಡುತ್ತಿದ್ದರು. ಮಾಳಿಗೆಯಿಂದ ನೋಡಿದರೆ ಆ ಗೋಡೆ ಅಲ್ಲಲ್ಲಿ ಕಿತ್ತುಹೋದಂತೆ ಕಾಣುತ್ತಿತ್ತು. ಆಮೇಲೆ ಗೋಡೆಯೇ ಇಲ್ಲ, ನಾಲ್ಕಾರು ಕಲ್ಲು ಬಿದ್ದಂತೆ.

ಆಗ ಅವರಿಗೆ ಹೊಳೆದದ್ದು ಕಲ್ಲಿನದೇ ಉಪಾಯ. ಕಾಲೋನಿಯವರು ಕುರ್ಚಿ ಹಾಕಿದರೆ ನಾವು ಇಡೀ ಊರಿಗೇ ಆಸನ ಹಾಕೋಣ ಎಂದರು. ಗಣಿಯಲ್ಲಿ ಅಂಚು ಮುರಿದ ಫರ್ಸಿ ಬೇಕಾದಷ್ಟು ಬಿದ್ದಿರುತ್ತಿತ್ತು. ಮಾಲೀಕರನ್ನು ಕೇಳಿ, ಎತ್ತಿನ ಗಾಡಿಯಲ್ಲಿ ಹೇರಿಸಿ, ತಂಡದವರೇ ಸೇರಿ ಮೈದಾನದ ಎರಡೂ ಬದಿಗೆ ಸಾಲಾಗಿ ಹಾಕಿದರು. ಕೆಳಗೆ ಬೋಲ್ಡರು, ಮೇಲೆ ಚಪ್ಪಡಿ. ನೋಡಲು ನಿಜವಾಗಿಯೂ ಛಂದ ಕಾಣುತ್ತಿತ್ತು. ಹಲಗೆ ಬಡಿಸಿ ಬಜಾರದಲ್ಲಿ ಸಾರಿಸಿದರು. ಸೇಡಂ ತಂಡವನ್ನು ಕರೆಸಿದರು. ಬೇಸಿಗೆಯ ಸೂಟಿ ಬಂದಿತ್ತು, ಶಾಲೆಯವರಾದರೂ ಬರುತ್ತಾರೆಂದು ಲೆಕ್ಕ.

ಅಂದು ಮಂದಿ ಬಂದರು. ಬಂದವರು ಕುಳಿತರು. ಕುಳಿತವರು ಹಾರಿ ಎದ್ದರು. ವೈಶಾಖದ ಬಿಸಿಲಿನಲ್ಲಿ ದಿನವಿಡೀ ಕಾದ ಫರ್ಸಿ ಸಂಜೆಯಾದರೂ ಆರುವುದಿಲ್ಲ. ಕಲ್ಲಿನಲ್ಲೇ ಹುಟ್ಟಿ ಬೆಳೆದ ಊರು, ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲಿ ನೀರು ಚೆಲ್ಲದೆ ಯಾರೂ ಕೂಡುವುದಿಲ್ಲ. ಆದರೂ ಆ ಸಡಗರದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಏ ಯವ್ವಾ, ಕಪ್ತಾನ್ರು ಮಂದೀನ ರೊಟ್ಟಿ ಮಾಡಿ ಹಂಚಿನ ಮ್ಯಾಲ ಹಾಕ್ಯಾರ ನೋಡ!" ಎಂದಳು. ನಾನೂ ನಕ್ಕೆ. ತಂಡದವರು ಕೊಡದಿಂದ ನೀರು ತಂದು ಸುರಿದರು. ಹಬೆ ಎದ್ದಿತು. ಒದ್ದೆ ಕಲ್ಲಿನ ಮೇಲೆ ಕೂಡಲು ಧೋತರದವರು ಒಲ್ಲೆ ಎಂದರು. ಆಟ ಶುರುವಾಗುವುದರೊಳಗೆ ಅರ್ಧ ಮಂದಿ ಸೋಡಾ ಅಂಗಡಿಯ ನೆರಳಿಗೆ ಸೇರಿದ್ದರು. ಇವರು ಗೋಲಿನಲ್ಲಿ ನಿಂತು ಆ ಕಡೆಯೇ ನೋಡುತ್ತಿದ್ದರು. ಅಂದು ಅವರನ್ನು ದಾಟಿ ಹೋದ ಚೆಂಡುಗಳಿಗೆ ಸೇಡಂದವರೇ ಆಶ್ಚರ್ಯಪಟ್ಟರು.

ಸಂಕಟವಾದದ್ದು ಅದಕ್ಕಲ್ಲ. ಚಳಿಗಾಲ ಬಂತು. ಚಳಿಗಾಲದ ಸಂಜೆ ಅದೇ ಕಲ್ಲು ಹಿತವಾಗಿ ಬೆಚ್ಚಗಿರುತ್ತದೆ. ಐತವಾರ ಹಾಕಿ ನೋಡಲು ಬಂದವರು ಅದರ ಮೇಲೆ ಕಾಲು ಮಡಚಿ, ಧಾಬಳಿ ಹೊದ್ದು, ಎದ್ದು ಹೋಗಲು ಮನಸ್ಸಿಲ್ಲದೆ ಕೂಡತೊಡಗಿದರು. ಹಾಕಿಗೆ ಮೊದಲಿಗಿಂತ ಹೆಚ್ಚು ಮಂದಿ ಆದರು.

"ಒಂದೊಂದೂ ಕಿತ್ತಿ ಗಣೀಗಿ ವಾಪಸ್ ಒಯ್ತೀನಿ" ಎಂದರು ಇವರು ಒಂದು ಸಂಜೆ.

"ಕಿತ್ತೀರಿ. ಶುಕ್ರವಾರ ನಿಮ್ಮ ಮಂದಿ ಎಲ್ಲಿ ಕುಂದ್ರಬೇಕು?" ಎಂದು ನಾನು ಕೇಳಿದೆ.

ಕಲ್ಲು ಅಲ್ಲಿಯೇ ಉಳಿದವು.

ಒಂದು ಗುರುವಾರ ಸಂಜೆ ಗಾರ್ಡ್ ಸಾಹೇಬ ನಮ್ಮ ಕಟ್ಟೆಗೆ ಬಂದ. ನಾನು ಒಳಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಬರ್ರಿ, ಕುಂದ್ರಿ" ಎಂದರು ಇವರು. ಮನೆಗೆ ಬಂದವರಿಗೆ ಹೇಳಲೇಬೇಕಾದ ಮಾತು, ಅಷ್ಟೇ ಹೇಳಿದರು.

"ಕಪ್ತಾನ್ ಸಾಬ್, ನಮ್ಮ ಗೋಲಿನವಗ ಬುಖಾರ್ ಬಂದದ" ಎಂದ ಆತ ತನ್ನ ಅರ್ಧ ಉರ್ದು ಅರ್ಧ ಕನ್ನಡದಲ್ಲಿ. "ಐತವಾರ ಸಿಕಂದರಾಬಾದಿಂದ ಟೀಮ್ ಬರ್ತದ. ಏಕ್ ದಿನ್ ನಮ್ಮ ಗೋಲಿನಾಗ ನೀವು ನಿಂದ್ರಬೇಕು."

"ನನಗ ಕೋಲು ಹಿಡಿಲಿಕ್ಕ ಬರಂಗಿಲ್ಲ."

"ಕೋಲು ಬಿಡ್ರಿ ಸಾಬ್. ಗೋಲಿನವ ಕಾಲಿಂದ ಒದಿಬಹುದು. ಒದಿಯೋದು ಈ ಊರಾಗ ನಿಮ್ಮಕಿಂತ ಯಾರಿಗಿ ಬರ್ತದ?"

"ಅಂದ್ರ, ಅಡಚಣಿ ಬಿದ್ದ ಕೂಡ್ಲೇ ನಮ್ಮ ಆಟಾನೇ ಬೇಕಾತು ನಿಮಗ."

ಗಾರ್ಡ್ ಸಾಹೇಬ ಗಟ್ಟಿಯಾಗಿ ನಕ್ಕ. "ಬೇಕಾತು ಸಾಬ್, ಬೇಕಾತು."

ಇವರು ಅಂಗೈ ಉಜ್ಜಿಕೊಂಡದ್ದು ನನಗೆ ಕೇಳಿಸಿತು. "ಹಂಗಾದ್ರ ಒಂದು ಐತವಾರ ಬಿಟ್ಟು ಒಂದು ಐತವಾರ ಮೈದಾನ ನಮಗ. ಒಪ್ಪಿದ್ರ ನಿಂದರ್ತೀನಿ."

ನನ್ನ ಮೊರ ನಿಂತಿತ್ತು. ಆತ, "ಮಂಜೂರ್" ಎಂದ.

ಅಂದು ಅವರು ಎರಡು ರೊಟ್ಟಿ ಹೆಚ್ಚು ಉಂಡರು. "ದಿನ ಸಿಗಲಿ, ಮಂದಿ ತಾವೇ ಬರ್ತಾರ" ಎಂದು ತಟ್ಟೆಗೆ ಹೇಳಿದಂತೆ ಹೇಳಿಕೊಂಡರು. ಶನಿವಾರ ಎದೆಪಟ್ಟಿಯನ್ನು ನನ್ನ ಮುಂದೆ ಹಿಡಿದು, "ಇನ್ನೊಂದ್ ಪದರ ಹಾಕು. ಅವರ ಚೆಂಡು ಕಲ್ಲಿದ್ದಂಗ ಅದ" ಎಂದರು. ನಾನು ಎರಡು ಪದರ ಹಾಕಿದೆ.

ಐತವಾರ ಮಾಳಿಗೆ ಹತ್ತಿ ನೋಡಿದರೆ ಮೈದಾನದ ಸುತ್ತ ಕಲ್ಲೇ ಕಾಣುತ್ತಿರಲಿಲ್ಲ, ಬರೇ ತಲೆಗಳು. ಹಳೆಯ ಶುಕ್ರವಾರಗಳಲ್ಲಿಯೂ ಅಷ್ಟು ಮಂದಿಯನ್ನು ನಾನು ಕಂಡಿರಲಿಲ್ಲ. ಅದರೊಳಗೆ ಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಬೇಡದ ಕೋಲು ಹಿಡಿದು, ಇವರು ನಿಂತಿದ್ದರು. ಬಂದ ಚೆಂಡನ್ನೆಲ್ಲ ಒದ್ದು ಆಚೆ ಹಾಕಿದರು. ಒಂದು ಚೆಂಡು ನೆಲದಿಂದ ಎದ್ದು ಎದೆಗೆ ಬಡಿಯಿತು. ಬಿದ್ದರು. ನಾನು ಶಾಂತವ್ವನ ಕೈ ಹಿಡಿದುಕೊಂಡೆ. ಎದ್ದು ಕುಳಿತು, ಅಂಗಿಯ ಮೇಲಿಂದ ಎದೆ ಮುಟ್ಟಿ ನೋಡಿ, ಏನೂ ಆಗಿಲ್ಲವೆಂದು ಕೈ ಎತ್ತಿದರು. ಆಗ ಎದ್ದ ಕೂಗು! "ಕಪ್ತಾನ್! ಕಪ್ತಾನ್!" ಎಂದು ಸ್ಟೇಷನ್ನಿನ ಗೋಡೆಯೇ ಕೂಗಿದಂತೆ.

"ಊರೆಲ್ಲ ಕೂಗಲಕತ್ತದ, ನೀನೂ ಒಮ್ಮಿ ಕೂಗವ್ವ ನಿನ್ನ ಗಂಡಗ" ಎಂದಳು ಶಾಂತವ್ವ.

ನಾನು ಮಾಳಿಗೆಯ ಅಂಚಿಗೆ ಸರಿದು ನಿಂತೆ. ಸಂತೋಷವೂ ಹೌದು. ಅದಕ್ಕಿಂತ ಹೆಚ್ಚಾಗಿ, ಇವರನ್ನು ಇಷ್ಟು ದಿನ ಖಾಲಿ ಮೈದಾನದಲ್ಲಿ ನಿಲ್ಲಿಸಿದ ಬಾಯಿಗಳು ಇವೇ ಅಲ್ಲವೇ ಎಂಬ ಸಿಟ್ಟು.

ಮಂದಿ ಹಾಕಿದ ಹಾರವನ್ನು ಓಣಿಯ ತಿರುವಿನಲ್ಲಿಯೇ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು. ಎದೆಪಟ್ಟಿ ಬಿಚ್ಚುವಾಗ, "ಕೂಗಿದ್ದು ಕೇಳ್ತೇನು?" ಎಂದರು.

"ಕೇಳ್ತು. ನಿಮ್ಮನ್ನೇ ಕೂಗಿದ್ರಲ್ರಿ."

"ನನ್ನನ್ನೇ. ಕೋಲಾಟದಾಗ" ಎಂದರು. ಹಾರವನ್ನು ದನದ ಮುಂದೆ ಹಾಕಿದರು.

ಗಾರ್ಡ್ ಸಾಹೇಬ ಮಾತಿಗೆ ತ‌ಪ್ಪಲಿಲ್ಲ. ಮುಂದಿನ ಐತವಾರ ಮೈದಾನ ಬಿಟ್ಟುಕೊಟ್ಟ. ಚಿತ್ತಾಪುರದ ತಂಡ ಬಂದಿತ್ತು. ಸುಣ್ಣದ ಗೆರೆ ಹಾಲಿನಂತೆ ಬೆಳ್ಳಗೆ ಹಾಕಿದ್ದರು. ಹೊತ್ತು ಇಳಿಯುವಾಗ ಓಣಿ ಓಣಿಯಿಂದ ಮಂದಿ ಬರತೊಡಗಿದ್ದು ಕಂಡು ನಾನು ಮಗಳನ್ನೂ ಎತ್ತಿಕೊಂಡು ಮಾಳಿಗೆಗೆ ಓಡಿದೆ. ಬಂದವರು ಮೈದಾನದಂಚಿಗೆ ನಿಂತರು. ದೊಡ್ಡ ಚೆಂಡು ನೋಡಿದರು. ಕೆಳಗೆ ನಮ್ಮ ಗೋಡೆಯ ಪಕ್ಕ ನಿಂತ ಒಬ್ಬ, ಗೋಲಿನ ಹಿಂದೆ ನೀರಿನ ಕೊಡ ಇಡುತ್ತಿದ್ದವನನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ಯಾಕ್ರೀ, ಇವತ್ತ ಹಾಕಿ ಇಲ್ಲೇನ್ರಿ?"

"ಇವತ್ತ ಫುಟ್‌ಬಾಲ್."

"ಹೌದಾ" ಎಂದ. ಸಟ್ಟನೆ ಹೋಗಲಿಲ್ಲ, ನಿಲ್ಲಲೂ ಇಲ್ಲ. ನಿಧಾನವಾಗಿ ತಿರುಗಿ, ಯಾರನ್ನೋ ಹುಡುಕುವವನ ಹಾಗೆ ನೋಡುತ್ತ ಬಜಾರದ ಕಡೆ ನಡೆದ. ಹಾಗೆಯೇ ಒಬ್ಬೊಬ್ಬರು. ಯಾರೂ ಮುಖ ಮುರಿಯಲಿಲ್ಲ, ಯಾರೂ ಬೈಯಲಿಲ್ಲ. ಒಂದು ಚಪ್ಪಡಿಯ ಮೇಲೆ ಯಾರೋ ಮೊಳೆಯಿಂದ ಚೌಕಾಬಾರದ ಮನೆ ಗೀರಿದ್ದರು. ಕೊನೆಯವರೆಗೆ ಉಳಿದವರು ಅಲ್ಲಿ ಕವಡೆ ಆಡುತ್ತಿದ್ದವರು. ಅವರ ಬೆನ್ನು ಮೈದಾನದ ಕಡೆಗಿತ್ತು. ಗೋಲಿನಲ್ಲಿ ನಿಂತವರಿಗೆ ಆ ಬೆನ್ನುಗಳು ನೆಟ್ಟಗೆ ಕಾಣುತ್ತಿದ್ದವು.

ಹೀಗೆ ದಿನ ಸಿಕ್ಕಿತು, ಮಂದಿ ಸಿಗಲಿಲ್ಲ. ಶುಕ್ರವಾರ ಬರದಿದ್ದರೆ ಕಚೇರಿಯ ಮೇಲೆ ಹಾಕಬಹುದಿತ್ತು, ಬೇಸಿಗೆಯಲ್ಲಿ ಬರದಿದ್ದರೆ ಕಲ್ಲಿನ ಮೇಲೆ. ಈಗ ಯಾವುದರ ಮೇಲೂ ಹಾಕುವಂತಿರಲಿಲ್ಲ. ಅದೇ ಅವರನ್ನು ತಿಂದಿತು. ಬಜಾರದಲ್ಲಿ ಯಾರಾದರೂ ಹಾಕಿಯ ಮಾತು ತೆಗೆದರೆ ಕೊಳ್ಳುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದರು. ನಾನು ಜೀರಿಗೆ ಇಲ್ಲದ ಸಾರು ಮಾಡಿ, ಅರಿಸಿನ ಇಲ್ಲದ ಬೇಳೆ ಬೇಯಿಸಿ ದಿನ ಕಳೆದದ್ದಿದೆ. ಒಮ್ಮೆ ಮಗಳು ಅಂಗಳದಲ್ಲಿ ಕಟ್ಟಿಗೆಯಿಂದ ಲಿಂಬೆಹಣ್ಣು ಬಡಿಯುತ್ತಿದ್ದಳು. ಕಟ್ಟಿಗೆ ಕಸಿದುಕೊಂಡು ಒಲೆಗೆ ಹಾಕಿದರು. ಆ ಕೂಸು ಅತ್ತಿತು. ಎತ್ತಿಕೊಂಡವರೂ ಅವರೇ.

ಖಾಜಾ ಒಂದು ದಿನ ಬಂದು ಕಟ್ಟೆಯ ಮೇಲೆ ಕೂಡದೆ ಕೆಳಗೇ ನಿಂತ. ನನಗೆ ಆಗಲೇ ಗೊತ್ತಾಯಿತು.

"ಕಪ್ತಾನ್, ಕಾಲು ಇನ್ನೂ ಆಡಬೇಕು ಅಂತಾವ. ಎಲ್ಲಿ ಆಡ್ಲಿ?"

ಇವರು ಕಟ್ಟೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದರು. "ಗಾರ್ಡ್ ಕರದಾನೇನು?"

"ಹೌದು."

"ನೀ ಕಲ್ಲಿಗಿ ಟಾಕಿ ಹೊಡೆಯೋ ಮನುಷ್ಯ. ಕೈ ಗಟ್ಟಿ ಅದ. ಕೋಲು ಛಂದ ಹಿಡೀತಿ, ಹೋಗು."

"ನಿಮಗ ಬ್ಯಾಸರ..."

"ಬ್ಯಾಸರ ಯಾಕ? ಚಾ ಕುಡದ್ ಹೋಗು."

ನಾನು ಚಹಾ ತಂದುಕೊಟ್ಟೆ. ಖಾಜಾ ಬಸಿಯಲ್ಲಿ ಸುರಿದುಕೊಂಡು, ಕುಡಿದು, ಕಪ್ಪು, ಬಸಿ ಎರಡನ್ನೂ ನನ್ನ ಕೈಗೇ ಕೊಟ್ಟು, "ಭಾಭೀ, ನೀವು ಮಾಳಿಗಿ ಮ್ಯಾಲಿಂದ ನೋಡ್ತಿದ್ರಿ, ನನಗ ಗೊತ್ತಿತ್ತು" ಎಂದು ಹೇಳಿ ಹೋದ.

ಆಮೇಲೆ ಕ್ಲಬ್ಬು ಮುಗಿಯಿತು ಎಂದು ಯಾರೂ ಹೇಳಲಿಲ್ಲ. ಗೆರೆ ಹಾಕುವವರು ಇಲ್ಲದೆ ಮೈದಾನದಲ್ಲಿ ಫುಟ್‌ಬಾಲಿನ ಗೆರೆ ಅಳಿಯಿತು. ಬೂಟು ಮೊಳೆಗೆ ತೂಗುಬಿದ್ದವು. ಶುಕ್ರವಾರ ಬಂದರೆ ಇವರು ಮಧ್ಯಾಹ್ನ ಗಣಿಯಿಂದ ಊಟಕ್ಕೆ ಬಂದು, ಉಂಡು ಕೈ ತೊಳೆದುಕೊಂಡು ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದವರಂತೆ ನಿಂತಿರುತ್ತಿದ್ದರು. ನನ್ನ ಸವತಿ ಹೋದಳು, ನಾನು ಖುಷಿಯಾಗಬೇಕಿತ್ತು. ಆಗಲಿಲ್ಲ. ಶುಕ್ರವಾರ ಸಂಜೆ ಕಾಲು ತಾನಾಗಿಯೇ ಮಾಳಿಗೆ ಹತ್ತುತ್ತಿತ್ತು. ಖಾಲಿ ಬಯಲಿನಲ್ಲಿ ದನ ಮೇಯುವುದನ್ನು ನೋಡಿ ಇಳಿದು ಬರುತ್ತಿದ್ದೆ. ಐತವಾರ ಮಾತ್ರ ನಾನು ಮಾಳಿಗೆಗೆ ಹೋಗುತ್ತಿರಲಿಲ್ಲ. ಅವರ ಹಠ ನನ್ನ ಹಠವೂ ಆಗಿತ್ತು. ಹಾಕಿಯ ಕೂಗು ಕೇಳಿಸಿದರೆ ಅಡುಗೆಮನೆಯ ಬಾಗಿಲು ಮುಂದೆ ಮಾಡುತ್ತಿದ್ದೆ. ಇವರು, "ಗಣಿ ಕಡಿ ಅಡ್ಡಾಡಿ ಬರ್ತೀನಿ" ಎಂದು ಆ ಹೊತ್ತಿಗೆ ಊರ ಹೊರಗೆ ಹೋಗಿಬಿಡುತ್ತಿದ್ದರು. ಅವರಿಗೆ ಆ ಕೂಗು ಕೇಳಿಸದಿರಲಿ, ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದೆ.

ಒಂದು ಐತವಾರ ಅವೇಳೆಯಲ್ಲಿ ಮೋಡವಾಯಿತು. ಒಣಗಲು ಹಾಕಿದ ಮೆಣಸಿನಕಾಯಿ ತುಂಬಿಕೊಳ್ಳಲು ಹೋಗಲೇಬೇಕಾಯಿತು. ಮೈದಾನದ ಕಡೆ ನೋಡಬಾರದೆಂದು ಬೆನ್ನು ಹಾಕಿಯೇ ಬಾಚುತ್ತಿದ್ದೆ. ಗಾಳಿಗೆ ಮೆಣಸಿನಕಾಯಿ ಉರುಳಿದ ಕಡೆ ತಿರುಗಬೇಕಾಯಿತು. ಆಟ ನಡೆದಿತ್ತು. ಕಲ್ಲಿನ ಮೇಲೆ ಮಂದಿ ತುಂಬಿದ್ದರು. ಖಾಜಾ ಕೋಲು ಹಿಡಿದು ಓಡುತ್ತಿದ್ದ. ಈ ಕಡೆಯ ಗೋಲಿನ ಹಿಂದೆ, ಮಂದಿಯಿಂದ ದೂರ, ಒಬ್ಬರೇ ನಿಂತವರೊಬ್ಬರಿದ್ದರು. ಚೆಂಡು ಬಲಕ್ಕೆ ಹೋದರೆ ಅವರು ಬಲಕ್ಕೆ ಸರಿಯುತ್ತಿದ್ದರು. ಎಡಕ್ಕೆ ಬಂದರೆ ಎಡಕ್ಕೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಕೈ ಬಿಚ್ಚಿಕೊಂಡು. ಮುಂದೆ ಗೋಲಿನಲ್ಲಿ ನಿಂತ ಹುಡುಗನಿಗೆ ಅದು ತಿಳಿಯದು. ಅವನ ನೆರಳು ಅವನ ಹಿಂದೆ ತಾನೇ ಆಡಿದಂತೆ ಕಾಣುತ್ತಿತ್ತು. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಮುಖ ಕಾಣಬೇಕಾಗಿಯೂ ಇರಲಿಲ್ಲ.

ಮಳೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದರು. "ಗಣಿ ಕಡಿ ಗಾಳಿ ಭಾಳ ಇತ್ತು" ಎಂದರು. ನಾನು ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅವರು ಬಗ್ಗಿ ಕಾಲಿಗೆ ನೀರು ಹಾಕಿಕೊಳ್ಳುತ್ತಿರುವಾಗ ಕೇಳಿದೆ.

"ಯಾರ್ರೀ ಗೆದ್ದೋರು?"

"ನಮ್ಮೋರೇ" ಎಂದರು.

ಹೇಳಿದ ಮೇಲೆ ಅವರಿಗೇ ಕೇಳಿಸಿತು. ತಂಬಿಗೆ ಕೈಯಲ್ಲಿ ಹಾಗೆಯೇ ನಿಂತಿತು. ನನ್ನ ಕಡೆ ನೋಡಲಿಲ್ಲ. ನಾನು ಒಲೆಯ ಮುಂದೆ ಹೋಗಿ ಕುಳಿತು ಹಿಟ್ಟು ನಾದಿದೆ. ಆ 'ನಮ್ಮೋರು' ಎಂಬುದರೊಳಗೆ ಖಾಜಾ ಇದ್ದ, ಗಾರ್ಡ್ ಸಾಹೇಬ ಇದ್ದ, ಕಲ್ಲಿನ ಮೇಲೆ ಕುಳಿತ ಮಂದಿಯೆಲ್ಲ ಇದ್ದರು. ಮಾಳಿಗೆಯ ಮೇಲೆ ನಿಂತು ಅವರ ಆಟವನ್ನು ನೋಡಿದವಳು ಒಬ್ಬಳೇ ಹೊರಗೆ ಉಳಿದಿದ್ದೆ.